ಗಾಡಿ ಏರಿದ ದೋಣಿ

ಬೆಳಗಿನ ಐದೂವರೆ. ಡೆಟ್ರಾಯಿಟ್‌ನ ಹೊರವಲಯದ ಬೀದಿಯಲ್ಲಿ ಇನ್ನೂ ಯಾರ ಮನೆಯ ಕದವೂ ತೆರೆದಿಲ್ಲ. ನನ್ನ ಅಕ್ಕನ ಮಗ ಮಾತ್ರ ಮನೆ ಮುಂದೆ ಅಂಗಾತ ಮಲಗಿದ್ದಾನೆ. ಕಾಣುತ್ತಿರುವುದು ಎರಡು ಕಾಲು, ಉಳಿದದ್ದೆಲ್ಲ ಟ್ರೇಲರಿನ ಅಡಿಯಲ್ಲಿದೆ. ಮೇಲೆ ಬಿಳಿ ಹಾಯಿದೋಣಿಯೊಂದು ಮದುವೆಗೆ ಹೊರಟ ಹೆಣ್ಣಿನ ಹಾಗೆ ಸುಮ್ಮನೆ ಕೂತಿದೆ.

“ಮಾವ, ಆ ಗ್ರೀಸ್ ಗನ್ ಇತ್ಲಾಗೆ ಕೊಡಿ.”

ಕೊಟ್ಟೆ. ಹಾಯಿದೋಣಿಯ ವಿಷಯದಲ್ಲಿ ನಾನು ಶುದ್ಧ ದಡ್ಡ. ಮಂಡ್ಯ ಕಡೆಯವನು ನಾನು. ಹರಿಗೋಲಿನಲ್ಲಿ ಒಂದೆರಡು ಸಲ ಹೊಳೆ ದಾಟಿದ್ದು ಬಿಟ್ಟರೆ ನೀರಿನ ಋಣ ಅಷ್ಟಕ್ಕಷ್ಟೆ. ಆದರೆ ಗುಂಬಕ್ಕೆ ಕೀಲೆಣ್ಣೆ ಹಾಕದೆ ಗಾಡಿ ಹೊರಡಿಸಬಾರದು ಅನ್ನುವುದು ಗೊತ್ತು. ಅವನು ಚಕ್ರದ ನಡುವೆ ಗ್ರೀಸ್ ತುಂಬುತ್ತಿದ್ದ. ಹೆಸರು ಬೇರೆ, ಕೆಲಸ ಅದೇ.

ದೋಣಿಯ ಹೆಸರು ಕ್ಯಾಟಲೀನಾ 22. ಕ್ಯಾಲಿಫೋರ್ನಿಯಾದ ಫ್ರಾಂಕ್ ಬಟ್ಲರ್ 1969ರಲ್ಲಿ ಹೊರತಂದ ಮಾದರಿ. ಆಮೇಲೆ 15,000ಕ್ಕೂ ಹೆಚ್ಚು ತಯಾರಾದವು. ಉದ್ದ ಇಪ್ಪತ್ತೊಂದೂವರೆ ಅಡಿ, ಅಗಲ ಎಂಟಡಿಗೆ ನಾಲ್ಕು ಇಂಚು ಕಡಿಮೆ. ಎಂಟೂವರೆ ಅಡಿ ದಾಟಿದ ಹೊರೆಯನ್ನು ಅಲ್ಲಿ ವಿಶೇಷ ಪರವಾನಗಿ ಇಲ್ಲದೆ ರಸ್ತೆಗೆ ಇಳಿಸುವಂತಿಲ್ಲ. ಹೊಟ್ಟೆಯಡಿಯಲ್ಲಿ ಸುಮಾರು 250 ಕಿಲೋ ತೂಕದ ಕಬ್ಬಿಣದ ರೆಕ್ಕೆ. ಅದಕ್ಕೆ ಕೀಲ್ ಎಂದು ಹೆಸರು. ನಮ್ಮ ಕೀಲಿಗೂ ಅದಕ್ಕೂ ನಂಟಿಲ್ಲ. ನೀರಿನಲ್ಲಿ ಇಳಿಬಿಟ್ಟರೆ ಐದು ಅಡಿ ಆಳಕ್ಕೆ ಹೋಗುತ್ತದೆ, ಮಡಚಿದರೆ ಎರಡೇ ಅಡಿ. ಸಮುದ್ರದ ಗುಣದ ದೋಣಿ ಮನೆಯ ಅಂಗಳಕ್ಕೂ ಬಂದು ನಿಲ್ಲುವುದು ಈ ಮಡಚುವ ರೆಕ್ಕೆಯಿಂದಾಗಿ.

ಹುಲ್ಲಿನ ಮೇಲೆ ಸಾಮಾನು ಹರಡಿತ್ತು. ಲಂಗರು, ಅದರ ಸರಪಳಿ, ಸುತ್ತಿಟ್ಟ ಹಗ್ಗ. ಎರಡು ಹಾಯಿ, ಪುಟ್ಟ ಮೋಟಾರು, ಪೆಟ್ರೋಲಿನ ಕ್ಯಾನು, ಬೆಂಕಿ ಆರಿಸುವ ಸಿಲಿಂಡರು, ಸೀಟಿ, ಅಪಾಯದಲ್ಲಿ ಹಾರಿಸುವ ಬೆಳಕಿನ ಬಾಣ. ಆಳಿಗೊಂದು ಲೈಫ್ ಜಾಕೆಟ್, ಜೊತೆಗೆ ನೀರಿಗೆ ಬಿದ್ದವರತ್ತ ಎಸೆಯಲು ಇನ್ನೊಂದು ತೇಲುಮೆತ್ತೆ. ಹದಿನಾರು ಅಡಿ ಮತ್ತು ಅದಕ್ಕಿಂತ ಉದ್ದದ ದೋಣಿಗೆ ಅದು ಕಾನೂನು. ಇವೆಲ್ಲದರ ನಡುವೆ ನಮ್ಮಕ್ಕ ಊರಿಂದ ಕಳಿಸಿದ್ದ ಒಗ್ಗರಣೆ ಡಬ್ಬಿ! ಮುಚ್ಚಳ ತೆಗೆದರೆ ಸಾಸಿವೆಯೂ ಇಲ್ಲ, ಜೀರಿಗೆಯೂ ಇಲ್ಲ. ಒಂದು ಬಟ್ಟಲಲ್ಲಿ ಕಿರುಬೆರಳ ತುದಿಯಷ್ಟು ಉಕ್ಕಿನ ಕೀಲುಗಳು, ಇನ್ನೊಂದರಲ್ಲಿ ಮೂಗುತಿಯಷ್ಟು ಅಗಲದ ಉಂಗುರಗಳು.

“ಅಮ್ಮನಿಗೆ ಹೇಳ್ಬೇಡಿ” ಅಂದ.

ಕಾರನ್ನು ಹಿಂದಕ್ಕೆ ತಂದು ಟ್ರೇಲರಿನ ಮೂತಿಗೆ ಹೊಂದಿಸಿದ. ಅದನ್ನು ಅವರು ನಾಲಗೆ ಅನ್ನುತ್ತಾರಂತೆ; ನನ್ನ ಕಣ್ಣಿಗೆ ಅದು ಮೂಕಿ. ಒಟ್ಟು ಭಾರದಲ್ಲಿ ಹತ್ತರಲ್ಲೊಂದು ಪಾಲಾದರೂ ಅದರ ಮೇಲೆ ಕೂರಬೇಕು. ಹಿಂಭಾರವಾದರೆ ಹೆದ್ದಾರಿಯಲ್ಲಿ ಟ್ರೇಲರು ಹಾವಿನಂತೆ ಆಡುತ್ತ ಕಾರನ್ನೇ ತಿರುಗಿಸಿಬಿಡುತ್ತದೆ. ಮೋಟಾರನ್ನು ಬಿಚ್ಚಿ ಕಾರಿನೊಳಗೆ ಇಟ್ಟದ್ದೂ ಲಂಗರನ್ನು ಮುಂದಕ್ಕೆ ಸರಿಸಿದ್ದೂ ಇದಕ್ಕೇ. ಕಬ್ಬಿನ ಗಾಡಿ ತುಂಬುವಾಗ ನಮ್ಮಪ್ಪ ಮೂಕಿ ಎತ್ತಿ ನೋಡಿ “ಹಿಂದ್ಕಾಯ್ತು, ಎರಡು ಕಟ್ಟು ಮುಂದಕ್ಕೆಳೀರಿ” ಅನ್ನುತ್ತಿದ್ದದ್ದು ನೆನಪಾಯಿತು. ಹಿಂದೆ ಭಾರ ಬಿದ್ದರೆ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತದೆ. ಇಲ್ಲಿ ಕೊರಳು ಕಾರಿನದು.

ಎರಡಿಂಚಿನ ಉಕ್ಕಿನ ಗುಂಡಿನ ಮೇಲೆ ಮೂತಿ ಕೂತಿತು, ಅಗುಳಿ ಬಿತ್ತು, ಕಡಾಣಿಯಂಥ ಪಿನ್ನು ಹೊಕ್ಕಿತು. ಅಷ್ಟಕ್ಕೇ ನಂಬಲಿಲ್ಲ. ಜಾಕಿ ತಿರುಗಿಸಿ ಮೂತಿಯನ್ನು ಮೇಲೆತ್ತಿದ. ಕಾರಿನ ಹಿಂಭಾಗವೂ ಜೊತೆಗೇ ಎದ್ದಿತು. “ಈಗ ಸರಿ.” ಎರಡು ಸರಪಳಿಗಳನ್ನು ಮೂತಿಯ ಅಡಿಯಲ್ಲಿ ಅಡ್ಡಡ್ಡ ದಾಟಿಸಿ ಕೊಕ್ಕೆಗೆ ಹಾಕಿದ. ಕೊಂಡಿ ಕಳಚಿಕೊಂಡರೂ ಮೂತಿ ರಸ್ತೆಗೆ ಬೀಳದೆ ಆ ತೊಟ್ಟಿಲಲ್ಲಿ ನಿಲ್ಲುತ್ತದೆ.

ಹೊರಟದ್ದು ಉತ್ತರಕ್ಕೆ. ಐ-75 ಹೆದ್ದಾರಿಯಲ್ಲಿ ಗ್ರೇಲಿಂಗ್‌ವರೆಗೆ, ಅಲ್ಲಿಂದ ಎಂ-72 ರಸ್ತೆ ಹಿಡಿದು ಪಶ್ಚಿಮಕ್ಕೆ, ಟ್ರಾವರ್ಸ್ ಸಿಟಿಗೆ. ಸುಮಾರು 400 ಕಿಲೋಮೀಟರು. ಅರ್ಧ ಗಂಟೆಗೇ ಗಾಡಿ ನಿಲ್ಲಿಸಿ ಇಳಿದು, ಚಕ್ರದ ನಡುವಿಗೆ ಅಂಗೈ ಇಟ್ಟು ನೋಡಿದ. ಬೆಚ್ಚಗಿದ್ದರೆ ಕ್ಷೇಮ, ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗು ಕೈಕೊಡುತ್ತಿದೆ ಎಂದರ್ಥ. ಗಂಟೆಗೆ ಅರವತ್ತು ಮೈಲಿ ದಾಟಲಿಲ್ಲ. ಹಿಂದಿನವರೆಲ್ಲ ನಮ್ಮನ್ನು ದಾಟಿ ಹೋದರು.

ಜುಲೈ ತಿಂಗಳು, ಟ್ರಾವರ್ಸ್ ಸಿಟಿಯ ಸುತ್ತ ಚೆರ್ರಿ ತೋಟಗಳು ಕೆಂಪೇರಿದ್ದವು. ಅವುಗಳಾಚೆ ಮಿಶಿಗನ್ ಸರೋವರದ ಕೊಲ್ಲಿ. 490 ಕಿಲೋಮೀಟರು ಉದ್ದ, 281 ಮೀಟರು ಆಳ ಇರುವುದನ್ನು ಸರೋವರ ಅನ್ನಲು ನನಗೆ ನಾಲಗೆ ಹೊರಳಲಿಲ್ಲ.

ನೀರು ಕಂಡರೂ ಅವನು ಅತ್ತ ಹೋಗಲಿಲ್ಲ. ದೂರದ ನಿಲ್ದಾಣದಲ್ಲೇ ನಿಂತು ಮೊದಲು ಆಕಾಶ ನೋಡಿದ. ಮೋಡಕ್ಕಲ್ಲ, ಕರೆಂಟಿನ ತಂತಿಗೆ. ಇಪ್ಪತ್ತೈದು ಅಡಿಯ ಅಲ್ಯೂಮಿನಿಯಂ ಹಾಯಿಕಂಬ ತಂತಿಗೆ ತಗುಲಿದರೆ ಅಲ್ಲಿಗೆ ಮುಗಿಯಿತು. ಆಮೇಲೆ ದೋಣಿ ಹತ್ತಿ ಕಂಬವನ್ನು ಹೆಗಲ ಮೇಲೆ ಎತ್ತಿಕೊಂಡು ಹೆಜ್ಜೆ ಹೆಜ್ಜೆಯಾಗಿ ಮುಂದೆ ಬಂದ. ನಾನು ಮೂತಿಯ ಕಡೆಯಿಂದ ಹಗ್ಗ ಎಳೆದೆ. ಗುಡಿಯ ಮುಂದೆ ಗರುಡಗಂಬ ನಿಲ್ಲಿಸಿದ ಹಾಗೆ ಕಂಬ ಎದ್ದು ನಿಂತಿತು. ಅದನ್ನು ಹಿಡಿದಿಡುವುದು ಎಂಟು ಉಕ್ಕಿನ ತಂತಿ: ಮುಂದೊಂದು, ಹಿಂದೊಂದು, ಎರಡೂ ಪಕ್ಕಕ್ಕೆ ಮೂರು ಮೂರು. ಪ್ರತಿ ತಂತಿಯ ಬುಡಕ್ಕೂ ಒಂದು ಕೀಲು, ಕೀಲು ಜಾರದಂತೆ ಒಂದು ಉಂಗುರ.

ಏಳು ಹಾಕಿದ. ಎಂಟನೆಯ ಉಂಗುರ ಬೆರಳಿಂದ ಜಿಗಿದು ಕಾಣೆಯಾಯಿತು.

“ಒಂದು ತಾನೆ, ನಡಿ” ಅಂದೆ.

ಅವನು ನಕ್ಕ. “ಗಾಡಿ ಕಡಾಣಿ ಒಂದು ತಾನೆ ಅಂತ ತಾತ ಹೊರಡ್ತಿದ್ರಾ, ಮಾವ?”

ನನ್ನ ಬಾಯಿ ಮುಚ್ಚಿತು. ಡಬ್ಬಿಯಿಂದ ಹೊಸ ಉಂಗುರ ತೆಗೆದು, ಉಗುರಿನಿಂದ ಬಿಡಿಸಿ, ಕೀಲಿನ ತೂತಿಗೆ ತಿರುಗಿಸಿ ತಿರುಗಿಸಿ ಹೊಗಿಸಿದ. ಈ ತಡ ಚಕ್ರಗಳಿಗೂ ಒಳ್ಳೆಯದೇ ಅಂತೆ. ಬಿಸಿ ಗುಂಬ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರಿಕೊಳ್ಳುತ್ತದೆ. ಬೇರಿಂಗಿಗೆ ತುಕ್ಕು ಹಿಡಿಯುವುದು ಹಾಗೆ.

ಟ್ರೇಲರನ್ನು ಹಿಂದಕ್ಕೆ ನಡೆಸುವುದು ಎತ್ತಿನ ಗಾಡಿಯನ್ನು ಹಿಂದಕ್ಕೆ ತಳ್ಳಿದಷ್ಟೇ ಕಷ್ಟ. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೆ ಅದು ಎಡಕ್ಕೆ ಹೋಗುತ್ತದೆ. ಅವನು ಸ್ಟಿಯರಿಂಗಿನ ಕೆಳತುದಿ ಹಿಡಿದಿದ್ದ. ಆಗ ಕೈ ಸರಿದ ಕಡೆಗೇ ಟ್ರೇಲರು ಸರಿಯುತ್ತದೆ. ಇಳಿಜಾರಿನಲ್ಲಿ ಚಕ್ರಗಳು ಮುಳುಗಿದವು, ದೋಣಿಯ ಹಿಂಭಾಗ ಒಮ್ಮೆ ಅಲುಗಿತು, ಒಂದು ಟನ್ನಿಗೂ ಮಿಕ್ಕ ಭಾರ ಇದ್ದಕ್ಕಿದ್ದಂತೆ ಹಗುರಾಯಿತು. ಹಗ್ಗ ನನ್ನ ಕೈಯಲ್ಲಿತ್ತು. ಮೊದಲ ಸಲ ಕಣ್ಣಿ ಬಿಚ್ಚಿದ ಕರುವಿನಂತೆ ದೋಣಿ ಅತ್ತಿತ್ತ ಜಗ್ಗಿತು.

ಹಾಯಿಗೆ ಗಾಳಿ ತುಂಬಿದ ಮೇಲೆ ಹೇಳುವುದು ಹೆಚ್ಚೇನಿಲ್ಲ. ಮೋಟಾರು ನಿಂತಿತು, ದೋಣಿ ವಾಲಿತು, ದಡ ಹಿಂದೆ ಸರಿಯಿತು. ವೇಗ ಏರಿದಾಗ ಕಾಲಡಿಯಿಂದ ತಂಬೂರಿಯ ಶ್ರುತಿಯಂಥ ಸದ್ದು. ಹೊಟ್ಟೆಯಡಿಯ ಕೀಲ್ ರೆಕ್ಕೆಯನ್ನು ಹಿಡಿದ ಕೇಬಲ್ಲು ನೀರಿನ ಸೆಳೆತಕ್ಕೆ ಹಾಡುವುದಂತೆ.

ಮರುದಿನ ದೋಣಿಯನ್ನು ಮೇಲೆಳೆದು ನೀರು ಬಸಿದು, ಟ್ರೇಲರಿಗೆ ಅಂಟಿದ ಪಾಚಿಯ ಎಳೆ ಎಳೆಯನ್ನೂ ಕಿತ್ತ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಯ ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿ ಹಡಗುಗಳು ತುಂಬಿಕೊಂಡ ನೀರಿನಲ್ಲಿ ಬಂದು, 1988ರಲ್ಲಿ ಡೆಟ್ರಾಯಿಟ್ ಪಕ್ಕದ ಸೇಂಟ್ ಕ್ಲೇರ್ ಸರೋವರದಲ್ಲಿ ಮೊದಲು ಸಿಕ್ಕಿತು. ಅದು ಒಂದು ಕೆರೆಯಿಂದ ಇನ್ನೊಂದಕ್ಕೆ ಹರಡುವುದು ಹೆಚ್ಚಾಗಿ ಇಂಥ ದೋಣಿಗಳಲ್ಲಿ. ಹಾಗಾಗಿ ದೋಣಿ ಬಸಿದು, ಪಾಚಿ ಕಿತ್ತು ರಸ್ತೆಗಿಳಿಯುವುದು 2019ರಿಂದ ಮಿಶಿಗನ್‌ನಲ್ಲಿ ಕಡ್ಡಾಯ.

ಎಂಟು ಕೀಲು, ಎಂಟು ಉಂಗುರ ಎಣಿಸಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ವಾಪಸು ಬರುವಾಗಲೂ ಅರವತ್ತೇ. ಹಿಂದಿದ್ದ ಒಬ್ಬ ತಾಳಲಾರದೆ ಹಾರ್ನ್ ಬಾರಿಸಿದ. ಹೆದ್ದಾರಿಯಲ್ಲಿ ದೋಣಿ ಹೊತ್ತ ಗಾಡಿಯೊಂದು ಎಂದಾದರೂ ನಿಮ್ಮ ಮುಂದೆ ಸಿಕ್ಕರೆ ಅವಸರ ಪಡಿಸಬೇಡಿ, ದಾಟಿ ಹೋದ ಕೂಡಲೇ ಅದರ ಮುಂದೆ ನುಗ್ಗಲೂ ಬೇಡಿ. ನಿಲ್ಲಲು ಅದಕ್ಕೆ ನಿಮಗಿಂತ ಹೆಚ್ಚು ದೂರ ಬೇಕು. ಸುಗ್ಗಿಯಲ್ಲಿ ಕಬ್ಬಿನ ಗಾಡಿಗೆ ಬಿಡುವಷ್ಟು ಜಾಗ ಅದಕ್ಕೂ ಬಿಡಿ.