ಬಚ್ಚಲ ಮೋರಿ ಮರಳಿ ಮರಳಿ ಕಟ್ಟುವುದೇಕೆ?

ನರಕಚತುರ್ದಶಿಯ ಬೆಳಗು. ಮನೆಮಂದಿಯೆಲ್ಲ ಎಣ್ಣೆ ಹಚ್ಚಿಕೊಂಡು, ಸೀಗೆಪುಡಿಯಿಂದ ತಲೆಯುಜ್ಜಿ, ಹಂಡೆಗಟ್ಟಲೆ ಬಿಸಿನೀರು ಹೊಯ್ದುಕೊಂಡು ಅಭ್ಯಂಜನ ಮಾಡಿದ್ದಾರೆ. ಅಡುಗೆಮನೆಯಲ್ಲಿ ಕಜ್ಜಾಯ ಕರಿದ ಬಾಣಲೆ ತೊಳೆಯುವುದಕ್ಕೆ ಕಾದಿದೆ. ಅಷ್ಟರಲ್ಲಿ ಬಚ್ಚಲಿನ ನೀರು ಇಳಿಯಲೊಲ್ಲದು. ಸ್ವಲ್ಪ ಹೊತ್ತಿನಲ್ಲಿ ಅದು ಇಳಿಯುವ ಬದಲು ಏರತೊಡಗುತ್ತದೆ. ಮಹಡಿಯವರು ಬಿಟ್ಟ ನೀರು ಕೆಳಗಿನವರ ಬಚ್ಚಲಿನಲ್ಲಿ ಉಕ್ಕುತ್ತದೆ. ಕೊಳಾಯಿ ಕೆಲಸದವನನ್ನು ಕರೆಸಿ ಬಿದಿರಿನ ದಬ್ಬೆಯನ್ನೋ ತಂತಿಯನ್ನೋ ಆಡಿಸಿದ ಮೇಲೆ ನೀರು ಗಳಗಳನೆ ಇಳಿದುಹೋಗುತ್ತದೆ. ಪೀಡೆ ತೊಲಗಿತೆಂದು ಮನೆಯವರು ಸಮಾಧಾನಗೊಳ್ಳುತ್ತಾರೆ. ಆದರೆ ಎರಡು ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ಕಥೆ.

ಇಂತಹ ಅನುಭವ ಪಟ್ಟಣವಾಸಿಗಳಲ್ಲಿ ಅನೇಕರಿಗೆ ಉಂಟು. ಇದನ್ನು ಗ್ರಹಚಾರವೆಂದೋ, ಕೆಲಸದವನ ಮೋಸವೆಂದೋ ಬಗೆಯುವುದು ವಾಡಿಕೆ. ಒಮ್ಮೆ ಕಟ್ಟಿದ ಮೋರಿ ಆಕಸ್ಮಿಕವಾಗಿರಬಹುದು. ಪದೇ ಪದೇ ಕಟ್ಟುವ ಮೋರಿಗೆ ಮಾತ್ರ ನಿಯತವಾದ ಕಾರಣವೊಂದು ಇದ್ದೇ ಇರಬೇಕು. ಆ ಕಾರಣವನ್ನು ಅರಸದೆ ಅಡಚಣೆಯನ್ನು ಚುಚ್ಚಿ ತೆಗೆಯುವುದು, ಜ್ವರದ ಮೂಲವನ್ನು ನೋಡದೆ ಹಣೆಗೆ ಒದ್ದೆಬಟ್ಟೆ ಹಾಕಿದಂತೆಯೇ ಸರಿ.

ಇಳುಕಲೇ ಅದರ ಬಲ

ಮನೆಗೆ ನೀರು ತರುವ ಕೊಳವೆಗೂ ಮನೆಯಿಂದ ಕೊಳೆನೀರನ್ನು ಒಯ್ಯುವ ಕೊಳವೆಗೂ ಒಂದು ಮುಖ್ಯ ಭೇದವಿದೆ. ಮೊದಲನೆಯದರಲ್ಲಿ ನೀರು ಒತ್ತಡದಿಂದ ಹರಿಯುತ್ತದೆ. ಆದುದರಿಂದ ಅದು ಮಹಡಿಯನ್ನೂ ಏರಬಲ್ಲುದು. ಎರಡನೆಯದರಲ್ಲಿ ಭೂಮಿಯ ಗುರುತ್ವಾಕರ್ಷಣೆಯ ಹೊರತು ಬೇರೆ ಬಲವಿಲ್ಲ. ಕೊಳವೆಯ ಇಳುಕಲು ಎಷ್ಟೋ ನೀರಿನ ವೇಗವೂ ಅಷ್ಟೇ. ಕೊಳೆನೀರು ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟಾದರೂ ವೇಗದಿಂದ ಹರಿದರೆ ತನ್ನೊಡನೆ ಬಂದ ಮರಳನ್ನೂ ಮಡ್ಡಿಯನ್ನೂ ತಾನೇ ತಳ್ಳಿಕೊಂಡು ಹೋಗುತ್ತದೆ. ವೇಗ ಅದಕ್ಕಿಂತ ತಗ್ಗಿದರೆ ಇವು ತಳದಲ್ಲಿ ಕೂರುತ್ತವೆ.

ಈ ವೇಗ ದೊರೆಯಬೇಕಾದರೆ 4 ಅಂಗುಲದ ಕೊಳವೆಗೆ 40ಕ್ಕೆ 1ರಂತೆ, 6 ಅಂಗುಲದ್ದಕ್ಕೆ 60ಕ್ಕೆ 1ರಂತೆ ಇಳುಕಲು ಕೊಡುವುದು ಕಟ್ಟಡ ಕೆಲಸದಲ್ಲಿ ಬಹುಕಾಲದಿಂದ ನಡೆದುಬಂದ ಸೂತ್ರ. ಎಂದರೆ 4 ಅಂಗುಲದ ಕೊಳವೆ 10 ಮೀಟರು ದೂರ ಹೋಗುವುದರೊಳಗೆ 25 ಸೆಂಟಿಮೀಟರು ತಗ್ಗಬೇಕು. ಕೊಳವೆಯ ಕೆಳಗಿನ ಮಣ್ಣು ಕುಸಿದು ನಡುವೆ ಜೋತುಬಿದ್ದರೆ, ಆ ತಗ್ಗಿನಲ್ಲಿ ನೀರು ಸದಾ ನಿಂತಿರುತ್ತದೆ. ಎಷ್ಟು ಬಾರಿ ಶುಚಿಗೊಳಿಸಿದರೂ ಮಡ್ಡಿ ಮತ್ತೆ ಅಲ್ಲಿಯೇ ಶೇಖರವಾಗುತ್ತದೆ.

'ಹಾಗಾದರೆ ದೊಡ್ಡ ಕೊಳವೆಯನ್ನೇ ಹಾಕಿಸಿಬಿಡೋಣ' ಎಂದು ಕೆಲವರು ಯೋಚಿಸುತ್ತಾರೆ. ಇದು ತಪ್ಪು ತಿಳಿವಳಿಕೆ. ಒಂದು ಮನೆಯ ಅಲ್ಪ ನೀರು ಅಗಲವಾದ ಕೊಳವೆಯಲ್ಲಿ ತೆಳ್ಳಗೆ ಹರಡಿಕೊಂಡು ನಿಧಾನವಾಗಿ ಹರಿಯುತ್ತದೆ. ಕಸವನ್ನು ಎತ್ತಿಕೊಂಡು ಹೋಗುವಷ್ಟು ಆಳ ಅದಕ್ಕೆ ಒದಗುವುದಿಲ್ಲ.

ನೀರಿನ ಬಾಗಿಲು

ತೊಟ್ಟಿಯ ಕೆಳಗಿನ ಕೊಳವೆ ಬಾಗಿರುವುದನ್ನು ಎಲ್ಲರೂ ನೋಡಿದ್ದೇವೆ. ಲಂಡನ್ನಿನ ಗಡಿಯಾರ ತಯಾರಕ ಅಲೆಗ್ಸಾಂಡರ್ ಕಮ್ಮಿಂಗ್ 1775ರಲ್ಲಿ ಶೌಚದ ತೊಟ್ಟಿಗೆ ಇಂತಹ ಬಾಗನ್ನು ಅಳವಡಿಸಿ ಅದಕ್ಕೆ ಹಕ್ಕುಪತ್ರ ಪಡೆದನು. ಬಾಗಿನಲ್ಲಿ ನಿಂತ ಸುಮಾರು 50 ಮಿಲಿಮೀಟರು ನೀರು ಒಂದು ಬಾಗಿಲಿನಂತೆ ವರ್ತಿಸುತ್ತದೆ. ಕೊಳೆನೀರು ಹೊರಗೆ ಹೋಗಬಹುದು, ಚರಂಡಿಯ ದುರ್ವಾಯು ಒಳಗೆ ಬಾರದು. ಬಹುದಿನ ಬಳಸದ ಬಚ್ಚಲು ನಾರುವುದಕ್ಕೆ ಈ ನೀರು ಒಣಗಿಹೋಗಿರುವುದೇ ಕಾರಣ. ಒಂದು ಚೆಂಬು ನೀರು ಹೊಯ್ದರೆ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ.

ಮಹಡಿಯಿಂದ ಒಮ್ಮೆಗೇ ಬೀಳುವ ನೀರು ತನ್ನ ಹಿಂದಿನ ಗಾಳಿಯನ್ನೂ ಸೆಳೆದುಕೊಳ್ಳುತ್ತದೆ. ಆ ಗಾಳಿಯ ಸ್ಥಾನಕ್ಕೆ ಹೊಸ ಗಾಳಿ ಬರಬೇಕೆಂದೇ ಕೊಳವೆಯನ್ನು ತಾರಸಿಯ ಮೇಲಕ್ಕೆ ಬಾಯ್ತೆರೆದಂತೆ ಬಿಟ್ಟಿರುತ್ತಾರೆ. ಅದನ್ನು ಮುಚ್ಚಿದರೆ, ಬೀಳುವ ನೀರು ಕೆಳಗಿನ ಬಾಗುಗಳಲ್ಲಿನ ನೀರನ್ನೇ ಹೀರಿಕೊಳ್ಳುತ್ತದೆ. ಮೋರಿಯಲ್ಲಿ ಕೇಳಿಬರುವ 'ಗೊಳಕ್' ಎಂಬ ಸದ್ದು ಅನೇಕ ವೇಳೆ ಈ ಉಸಿರುಗಟ್ಟಿದ ಕೊಳವೆಯ ದೂರು.

ಜಿಡ್ಡು ಕಲ್ಲಾಗುವ ಬಗೆ

ಅಡುಗೆಮನೆಯ ಮೋರಿಗೆ ದೊಡ್ಡ ಶತ್ರು ಜಿಡ್ಡು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಗಿನಲ್ಲಿ ಸೀಸೆಯೊಳಗೆ ಇದನ್ನು ಕಾಣುತ್ತೇವೆ. ಸೀಸೆಯಲ್ಲಿ ನಡೆಯುವುದು ಕೊಳವೆಯಲ್ಲಿಯೂ ನಡೆಯುತ್ತದೆ. 'ಕುದಿಯುವ ನೀರು ಹೊಯ್ದರೆ ಕರಗಿಹೋಗುತ್ತದೆ' ಎನ್ನುವವರುಂಟು. ಕರಗುವುದೇನೋ ನಿಜ, ಆದರೆ ನಾಲ್ಕು ಮಾರು ದೂರ ಹೋಗಿ ನೀರು ತಣ್ಣಗಾದೊಡನೆ, ಕೈಗೆಟುಕದ ಜಾಗದಲ್ಲಿ ಅದು ಮತ್ತೆ ಹೆಪ್ಪುಗಟ್ಟುತ್ತದೆ.

ಇಷ್ಟೇ ಆಗಿದ್ದರೆ ತೊಂದರೆ ಅಲ್ಪವಾಗಿರುತ್ತಿತ್ತು. ಜಿಡ್ಡು ಕೊಳೆನೀರಿನಲ್ಲಿ ಒಡೆದು ಮೇದಾಮ್ಲಗಳನ್ನು ಬಿಡುತ್ತದೆ. ಇವು ನೀರಿನಲ್ಲಿರುವ ಕ್ಯಾಲ್ಸಿಯಮ್ಮಿನೊಡನೆ ಕೂಡಿ, ನೀರಿನಲ್ಲಿ ಕರಗದ ಒಂದು ಬಗೆಯ ಗಟ್ಟಿ ಸಾಬೂನಾಗುತ್ತವೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ನೊರೆಗಟ್ಟದೆ ಬಿಳಿಯ ಗಸಿಯಾಗುವುದನ್ನು ನಮ್ಮ ಗೃಹಿಣಿಯರು ಬಲ್ಲರು. ಕೊಳವೆಯೊಳಗಿನ ಕ್ರಿಯೆ ಅದಕ್ಕೆ ಹತ್ತಿರದ್ದೇ. ಈ ಗಸಿಗೆ ಕೂದಲು, ಬಟ್ಟೆಯ ಎಳೆ, ಒದ್ದೆ ಒರೆಸುಕಾಗದ ಇವು ಸೇರಿದರೆ ಗಾರೆಗೆ ನಾರು ಬೆರೆಸಿದಂತಾಗುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಭಾಗದ ಚರಂಡಿಯಲ್ಲಿ ಇಂತಹ ಜಿಡ್ಡಿನ ಬಂಡೆಯೊಂದು ಸುಮಾರು 250 ಮೀಟರು ಉದ್ದಕ್ಕೆ ಬೆಳೆದಿದ್ದಿತು. ತೂಕ ಸುಮಾರು 130 ಟನ್. ಅದರ ತುಣುಕನ್ನು ಆ ನಗರದ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟಿದ್ದರು!

ಮರದ ಬೇರು ಇನ್ನೊಂದು ಕಾರಣ. ಹಳೆಯ ಮನೆಗಳ ಮಣ್ಣಿನ ಕೊಳವೆಗಳನ್ನು ಸಿಮೆಂಟಿನಿಂದ ಬೆಸೆದಿರುತ್ತಾರೆ. ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ತೇವವನ್ನರಸುವ ಬೇರು ಅಲ್ಲಿ ನುಸುಳಿ, ಒಳಗೆ ಜಡೆಯಾಗಿ ಬೆಳೆಯುತ್ತದೆ. ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಬೆಸುಗೆಯನ್ನು ಸರಿಪಡಿಸಿದರೆ ಮಾತ್ರ ಬಿಡುಗಡೆ.

ದೋಷವನ್ನು ಹುಡುಕುವುದು ಹೇಗೆ?

ಇದಕ್ಕೆ ಯಂತ್ರ ಬೇಕಿಲ್ಲ, ಕ್ರಮವಾದ ವಿಚಾರ ಸಾಕು. ಒಂದೇ ತೊಟ್ಟಿಯ ನೀರು ಇಳಿಯದೆ ಉಳಿದುವೆಲ್ಲ ಸರಿಯಾಗಿದ್ದರೆ ದೋಷ ಆ ಕವಲಿನಲ್ಲಿದೆ. ಎಲ್ಲವೂ ಒಟ್ಟಿಗೆ ನಿಧಾನವಾದರೆ, ಅಥವಾ ಮಹಡಿಯಲ್ಲಿ ನೀರು ಬಿಟ್ಟಾಗ ಕೆಳಗೆ ಉಕ್ಕಿದರೆ, ಎಲ್ಲ ಕವಲುಗಳೂ ಕೂಡುವ ಮುಖ್ಯ ಕೊಳವೆ ಕಟ್ಟಿದೆ. ನೀರು ಸಿಕ್ಕಿದ ತೆರಪುಗಳಲ್ಲೆಲ್ಲ ಅತ್ಯಂತ ತಗ್ಗಿನದನ್ನೇ ಮೊದಲು ಹಿಡಿಯುವುದರಿಂದ, ತಪ್ಪು ಯಾರದಾದರೂ ಶಿಕ್ಷೆ ಕೆಳಗಿನ ಮನೆಯವರಿಗೆ.

ಆಮೇಲೆ ಅಂಗಳದಲ್ಲಿರುವ ಚೇಂಬರಿನ ಮುಚ್ಚಳವನ್ನು ತೆರೆಸಿ, ಹೊರಗೆ ನಿಂತೇ ನೋಡಬೇಕು. ಮನೆಯೊಳಗೆ ನೀರು ನಿಂತಿದ್ದು ಚೇಂಬರು ಬರಿದಾಗಿದ್ದರೆ ಅಡಚಣೆ ಮನೆಗೂ ಚೇಂಬರಿಗೂ ನಡುವೆ ಇದೆ. ಚೇಂಬರೂ ತುಂಬಿದ್ದರೆ ದೋಷ ಅದರಾಚೆ ಇದೆ. ಬೀದಿಯ ಆಳುಗುಂಡಿಯೇ ತುಂಬಿದ್ದರೆ ಮನೆಯೊಳಗೆ ಎಷ್ಟು ತಂತಿ ಆಡಿಸಿದರೂ ವ್ಯರ್ಥ. ದೂರು ಹೋಗಬೇಕಾದುದು ಒಳಚರಂಡಿಯ ಅಧಿಕಾರಿಗಳಿಗೆ. ಕಟ್ಟಿದ ದಿನ, ಸ್ಥಳ, ಹೊರಬಂದ ವಸ್ತು ಇವನ್ನು ಪುಸ್ತಕವೊಂದರಲ್ಲಿ ಬರೆದಿಟ್ಟರೆ ಮೂರನೆಯ ಬಾರಿಗೆ ಕಾರಣ ತಾನಾಗಿಯೇ ಗೋಚರಿಸುತ್ತದೆ.

ಮಳೆ ಬಂದಾಗ ಮಾತ್ರ ಮೋರಿ ಉಕ್ಕುವುದಾದರೆ ಅದಕ್ಕೆ ಬೇರೆಯೇ ಕಾರಣವಿದೆ. ಬೆಂಗಳೂರಿನಂತಹ ನಗರಗಳಲ್ಲಿ ಮಳೆನೀರಿಗೂ ಕೊಳೆನೀರಿಗೂ ಬೇರೆ ಬೇರೆ ದಾರಿಗಳನ್ನು ಕಲ್ಪಿಸಿದೆ. ಆದರೆ ತಾರಸಿಯ ಮಳೆನೀರನ್ನು ಚೇಂಬರಿಗೇ ಬಿಡುವವರು ಅನೇಕರು. 100 ಚದರ ಮೀಟರಿನ ತಾರಸಿಯ ಮೇಲೆ 50 ಮಿಲಿಮೀಟರು ಮಳೆ ಬಿದ್ದರೆ 5,000 ಲೀಟರು ನೀರಾಗುತ್ತದೆ. ತಲೆಗೆ ದಿನಕ್ಕೆ 135 ಲೀಟರು ನೀರೆಂಬ ಲೆಕ್ಕದಂತೆ ಐದು ಜನರ ಸಂಸಾರವೊಂದು ಅಷ್ಟು ನೀರನ್ನು ಬಳಸಲು ಒಂದು ವಾರಕ್ಕೂ ಹೆಚ್ಚು ಬೇಕು. ವಾರದ ನೀರು ಒಂದು ಗಂಟೆಯಲ್ಲಿ ನುಗ್ಗಿದರೆ ಬೀದಿಯ ಕೊಳವೆ ಅದನ್ನು ಹೇಗೆ ತಾಳೀತು? ಅದು ತಗ್ಗಿನಲ್ಲಿರುವ ಮನೆಗಳ ಬಚ್ಚಲಿನಲ್ಲಿ ಹೊರಡುತ್ತದೆ.

ಪರಿಹಾರಗಳು

ಬಾಣಲೆಯ ಜಿಡ್ಡನ್ನು ಹಳೆಯ ಕಾಗದದಿಂದ ಒರೆಸಿ ಕಸಕ್ಕೆ ಹಾಕಿದ ಮೇಲೆಯೇ ತೊಳೆಯಬೇಕು. ತೊಟ್ಟಿಗೂ ಬಚ್ಚಲಿಗೂ ಜಾಲರಿಯಿರಬೇಕು. ಬಟ್ಟೆ, ಹತ್ತಿ, ಮುಟ್ಟಿನ ಬಟ್ಟೆ ಇವು ಯಾವವೂ ಶೌಚದ ತೊಟ್ಟಿಗೆ ಬೀಳಬಾರದು. ಅಂಗಳದ ಜಾಲರಿಯ ಗುಂಡಿ ಮನೆಯ ನೆಲಕ್ಕಿಂತ ತಗ್ಗಿನಲ್ಲಿದ್ದರೆ, ಬಚ್ಚಲಿನ ನೀರು ಹಿಮ್ಮೆಟ್ಟಿದಾಗಲೂ ಅಂಗಳದಲ್ಲಿ ಉಕ್ಕೀತೇ ಹೊರತು ಮನೆಯೊಳಗಲ್ಲ. ಬೀದಿಗಿಂತ ತಗ್ಗಾದ ಮನೆಗಳವರು ನೀರು ಹಿಂದಕ್ಕೆ ಬಾರದಂತೆ ತಡೆಯುವ ಕವಾಟವನ್ನು ಹಾಕಿಸುವುದು ಲೇಸು. ಆದರೆ ಅದನ್ನು ಆಗಾಗ ತೆರೆದು ಶುಚಿಮಾಡದಿದ್ದರೆ ಕವಾಟವೇ ಅಡಚಣೆಯಾದೀತು. ಇಷ್ಟರಿಂದಲೂ ಫಲವಿಲ್ಲದಿದ್ದರೆ ಕೊಳವೆಯೊಳಕ್ಕೆ ಸಣ್ಣ ಕ್ಯಾಮೆರಾ ಬಿಟ್ಟು ನೋಡುವ ಸೌಕರ್ಯ ಈಗ ದೊಡ್ಡ ಊರುಗಳಲ್ಲಿ ದೊರೆಯುತ್ತದೆ. ಜೋತುಬಿದ್ದ ಕೊಳವೆಯನ್ನು ಅಗೆದು ಸರಿಯಾದ ಇಳುಕಲಿಗೆ ಕೂರಿಸುವ ಖರ್ಚು, ವರ್ಷಗಟ್ಟಲೆ ದಬ್ಬೆ ಆಡಿಸುವ ಖರ್ಚಿಗಿಂತ ಕಡಿಮೆಯೇ.

ಕ್ಷಾರದ ಪುಡಿಗಳನ್ನು ಸುರಿಯುವಲ್ಲಿ ಎಚ್ಚರ ಅಗತ್ಯ. ಕಾಸ್ಟಿಕ್ ಸೋಡಾ ನೀರಿನೊಡನೆ ಬಹಳ ಶಾಖವನ್ನುಂಟುಮಾಡುತ್ತದೆ. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು. ಬ್ಲೀಚಿಂಗ್ ಪುಡಿಯನ್ನೂ ಆಮ್ಲವನ್ನೂ ಎಂದಿಗೂ ಕೂಡಿಸಕೂಡದು. ಅವುಗಳಿಂದ ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶಗಳನ್ನು ಸುಡುತ್ತದೆ.

ಒಂದು ಜೀವದ ಪ್ರಶ್ನೆ

ಇಲ್ಲಿಯವರೆಗೆ ಹೇಳಿದುದು ಮನೆಯ ಅನುಕೂಲದ ಮಾತು. ಇದಕ್ಕಿಂತ ಗುರುತರವಾದ ಮಾತು ಇನ್ನೊಂದಿದೆ. ಮೋರಿ ಕಟ್ಟಿದಾಗ, 'ಯಾರನ್ನಾದರೂ ಗುಂಡಿಗೆ ಇಳಿಸಿ ತೆಗೆಸಿ' ಎಂಬ ಮಾತು ನಮ್ಮ ನಾಲಗೆಯ ಮೇಲೆ ಸುಲಭವಾಗಿ ಬರುತ್ತದೆ. ಆಮ್ಲಜನಕವಿಲ್ಲದ ಕಡೆ ಕೊಳೆಯುವ ಹೊಲಸಿನಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಇದು ಗಾಳಿಗಿಂತ ಭಾರವಾದುದರಿಂದ ಗುಂಡಿಯ ತಳದಲ್ಲಿ ಮಡುಗಟ್ಟುತ್ತದೆ. ಅಲ್ಪ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯಂತೆ ನಾರುವ ಈ ಅನಿಲ, ಹತ್ತು ಲಕ್ಷ ಭಾಗ ಗಾಳಿಯಲ್ಲಿ ನೂರರಷ್ಟಾದೊಡನೆ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ಹೋಯಿತೆಂದು ಇಳಿದವನು ಇನ್ನಷ್ಟು ಇಳಿಯುತ್ತಾನೆ. ಪ್ರಮಾಣ ಕೆಲವು ನೂರಕ್ಕೆ ಏರಿದರೆ ಪ್ರಜ್ಞೆ ತಪ್ಪುತ್ತದೆ. ಎತ್ತಲು ಇಳಿದ ಎರಡನೆಯವನಿಗೂ ಅದೇ ಗತಿ.

ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಬೀದಿಗಳಲ್ಲಿ ಮನೆಗಳ ಹಿಂದೆ ಕಿರಿದಾದ ಗಲ್ಲಿಗಳನ್ನು ಬಿಟ್ಟಿದ್ದರು. ಮಲವನ್ನು ಹೊತ್ತೊಯ್ಯುವವರು ಮನೆಯವರ ಕಣ್ಣಿಗೆ ಬೀಳದೆ ಬಂದುಹೋಗಲೆಂದು ಆ ಏರ್ಪಾಡು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ನಿಷೇಧಿಸಲಾಯಿತು. 2013ರ ಕೇಂದ್ರ ಕಾಯಿದೆ ಚರಂಡಿಯನ್ನೂ ಮಲದ ತೊಟ್ಟಿಯನ್ನೂ ಅಪಾಯಕರ ರೀತಿಯಲ್ಲಿ ಶುಚಿಗೊಳಿಸಲು ಮನುಷ್ಯರನ್ನು ನೇಮಿಸುವುದೇ ಅಪರಾಧವೆಂದು ಸಾರಿತು. ಮನೆಯ ಯಜಮಾನನಿಗೂ ಅದು ಅನ್ವಯಿಸುತ್ತದೆ. ಹೀಗೆ ಮಡಿದವರ ಸಂಸಾರಗಳಿಗೆ ಕೊಡಬೇಕಾದ ಪರಿಹಾರವನ್ನು 2023ರಲ್ಲಿ ಸರ್ವೋಚ್ಚ ನ್ಯಾಯಾಲಯ 30 ಲಕ್ಷ ರೂಪಾಯಿಗಳಿಗೆ ಏರಿಸಿತು. ಯಾವ ಮೊತ್ತವೂ ಹೋದ ಜೀವವನ್ನು ತರಲಾರದು. ನೀರನ್ನು ರಭಸದಿಂದ ಚಿಮ್ಮುವ ಯಂತ್ರಗಳೂ ಹೀರುವ ಯಂತ್ರಗಳೂ ಇರುವಾಗ ಮನುಷ್ಯನನ್ನು ಇಳಿಸುವುದಕ್ಕೆ ನೆಪವೇ ಇಲ್ಲ.

ಬಾಣಲೆಯಿಂದ ನಾವು ಚೆಲ್ಲಿದ ಜಿಡ್ಡು ಬಚ್ಚಲಿನ ಬಾಯಿಯಲ್ಲಿ ಕಣ್ಮರೆಯಾಗುತ್ತದೆ, ಇಲ್ಲವಾಗುವುದಿಲ್ಲ. ಅದು ಕೆಳಗಿನ ಮನೆಯವರ ಅಂಗಳದಲ್ಲಿಯೋ, ಬೀದಿಯ ಆಳುಗುಂಡಿಯಲ್ಲಿಯೋ ಯಾರಿಗೋ ಎದುರಾಗಿಯೇ ತೀರುತ್ತದೆ. ಆ 'ಯಾರೋ' ಒಬ್ಬರನ್ನು ನೆನೆದು ಒಂದು ತುಂಡು ಕಾಗದದಿಂದ ಬಾಣಲೆಯನ್ನು ಒರೆಸಿದರೆ, ಅಷ್ಟರಿಂದಲೇ ನಮ್ಮ ಮೋರಿಯ ಅರ್ಧ ರೋಗ ವಾಸಿಯಾದಂತೆ.