ಪಾರದರ್ಶಕ ಮುಚ್ಚಳದಡಿ ಎಂಜಿನ್ ಬಿಸಿ

ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ರಸ್ತೇಲಿ
ಸೂಪರ್‌ಕಾರ್ ನೋಡಿದ್ದೀರಾ?
ಸೀಟಿನ ಹಿಂದೇನೇ ಎಂಜಿನ್.
ಮೇಲೆ ಪಾರದರ್ಶಕ ಮುಚ್ಚಳ.
ಆ ಬಿಸಿ ಎಲ್ಲ ಎಲ್ಲಿಗೆ ಹೋಗುತ್ತೆ?

ಪೆಟ್ರೋಲ್ ಉರಿದಾಗ ಬರೋ ಶಕ್ತಿಯಲ್ಲಿ
ಓಟಕ್ಕೆ ಸಿಗೋದು ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು.
ಉಳಿದದ್ದು ಬಿಸಿ.

ಚಿಕ್ಕಬಳ್ಳಾಪುರದ ಹೂವಿನ ಪಾಲಿಹೌಸ್ ಗೊತ್ತಲ್ಲ?
ಬಿಸಿಲು ಒಳಗೆ ಬರುತ್ತೆ,
ಬಿಸಿಗಾಳಿ ಹೊರಗೆ ಹೋಗಲ್ಲ.
ಅದಕ್ಕೇ ಮೇಲ್ಗಡೆ ಗಾಳಿಕಿಂಡಿ ಬಿಟ್ಟಿರ್ತಾರೆ.
ಕಾರಲ್ಲೂ ಅದೇ ಉಪಾಯ.

1987ರ ಫೆರಾರಿ ಎಫ್40 ನೋಡಿ.
ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ,
ಅದರಲ್ಲಿ ಸಾಲಾಗಿ ಅಡ್ಡ ಸೀಳು.
ಪಕ್ಕದಿಂದ ತಣ್ಣನೆ ಗಾಳಿ ಒಳಗೆ,
ಸೀಳಿನಿಂದ ಬಿಸಿಗಾಳಿ ಹೊರಗೆ.
ಅಂದವೂ ಅದೇ, ಕೆಲಸವೂ ಅದೇ.
ನನಗಂತೂ ಇದು ತುಂಬಾ ಇಷ್ಟ!

ಓಡುವಾಗ ಗಾಳಿಯೇ ಬಿಸಿ ಎಳ್ಕೊಂಡು ಹೋಗುತ್ತೆ.
ಕಷ್ಟ ಶುರುವಾಗೋದು ನಿಂತಾಗ.
ಬೆಟ್ಟ ಹತ್ತಿ, ಪಾರ್ಕಿಂಗಲ್ಲಿ ತಕ್ಷಣ ಆಫ್ ಮಾಡಿದ್ರಿ.
ಗಾಳಿ ನಿಂತಿತು.
ಎಷ್ಟೋ ಕಾರಲ್ಲಿ ಕೂಲೆಂಟ್ ಹರಿಯೋದೂ ನಿಂತಿತು.
ಕಾದ ಲೋಹದ ಬಿಸಿ ಮೇಲೇರಿ
ಮುಚ್ಚಳದಡಿ ತುಂಬ್ಕೊಳ್ಳುತ್ತೆ.
ವೈರು, ರಬ್ಬರ್ ಪೈಪು ಗಟ್ಟಿಯಾಗಿ ಬಿರುಕು ಬಿಡೋದು ಹೀಗೇ.

ಮೇಲೆ ತಲುಪಿದ್ರಾ?
ಒಂದೆರಡು ನಿಮಿಷ ಐಡ್ಲಿಂಗಲ್ಲಿ ಬಿಡಿ.
ಆಫ್ ಮಾಡಿದ ಮೇಲೂ ಫ್ಯಾನ್ ತಿರುಗಿದ್ರೆ ಗಾಬರಿ ಬೇಡ.
ಸೀಳಲ್ಲಿ ಸಿಕ್ಕಿರೋ ನೀಲಗಿರಿ ಎಲೆ ತೆಗೆದುಬಿಡಿ.
ಕಾದ ಮುಚ್ಚಳಕ್ಕೆ ತಣ್ಣೀರು ಮಾತ್ರ ಹಾಕಬೇಡಿ.