ಆಟಿಸಂ ಇರುವ ಮಕ್ಕಳಿಗೂ ಕಂಪ್ಯೂಟರಿನಲ್ಲಿ ಒಂದು ಕೆಲಸ ಉಂಟು



ಕಾಪು ಪರಿಸರದ ಸಂಘಗಳ ಸಭೆಗೆ ನಾವು ಹೋದಾಗ ಉಳಿತಾಯ, ಸಾಲ, ಮರುಪಾವತಿಯ ಲೆಕ್ಕ ಮುಗಿದ ಮೇಲೆ ಒಬ್ಬಿಬ್ಬರು ತಾಯಂದಿರು ಹಿಂದೆ ಉಳಿಯುತ್ತಾರೆ. ಅವರ ಮಾತು ಹೆಚ್ಚಾಗಿ ಹೀಗೆ ಇರುತ್ತದೆ: "ಹುಡುಗ ಪಿಯುಸಿ ಮುಗಿಸಿದ. ಕಂಪ್ಯೂಟರಿನ ಎದುರು ಕೂತರೆ ಊಟದ ನೆನಪೂ ಇಲ್ಲ. ಆದರೆ ನಾಲ್ಕು ಜನರ ಎದುರು ಬಾಯಿ ಬಿಡುವುದಿಲ್ಲ. ಇಂಟರ್‌ವ್ಯೂನಲ್ಲಿ ಮುಖ ನೋಡಿ ಮಾತಾಡುವುದಿಲ್ಲ ಅಂತ ವಾಪಸು ಕಳಿಸ್ತಾರೆ. ನಾವು ಇರುವಷ್ಟು ದಿನ ಸರಿ, ಮತ್ತೆ ಎಂಥ ಮಾಡುವುದು?"

ಈ ಪ್ರಶ್ನೆಗೆ ಪೂರ್ತಿ ಉತ್ತರ ನಮ್ಮಲ್ಲಿಲ್ಲ. ಆದರೆ ಇಂಥ ಕೆಲವು ಮಕ್ಕಳಿಗೆ ಹೊಂದುವ ಒಂದು ಉದ್ಯೋಗದ ಬಗ್ಗೆ ಈ ಸಲ ತಿಳಿದುಕೊಳ್ಳೋಣ.

ಆಟಿಸಂ ಅಂದರೆ ಏನು?

ಆಟಿಸಂ ಅಥವಾ ಸ್ವಲೀನತೆ ಒಂದು ರೋಗವಲ್ಲ. ಮೆದುಳಿನ ಬೆಳವಣಿಗೆಯಲ್ಲೇ ಇರುವ ವ್ಯತ್ಯಾಸ. ತಾಯಿ ಸರಿಯಾಗಿ ನೋಡಿಕೊಳ್ಳದ್ದರಿಂದ ಬಂದದ್ದು ಎಂಬ ಮಾತು ಶುದ್ಧ ಸುಳ್ಳು. ಇದನ್ನು ಗುಣ ಮಾಡುವ ಮದ್ದಿಲ್ಲ, ಆದರೆ ತರಬೇತಿಯಿಂದ ಮಕ್ಕಳು ಬಹಳ ಕಲಿಯುತ್ತಾರೆ. ಕೆಲವರಿಗೆ ಮಾತು ಬರುವುದಿಲ್ಲ, ಕೆಲವರು ಚೆನ್ನಾಗಿ ಓದುತ್ತಾರೆ. ಜಾತ್ರೆಯ ಗರ್ನಾಲು, ಸಾಂತ್‌ಮಾರಿಯ ಬ್ಯಾಂಡ್ ಕೇಳಿದರೆ ಕಿವಿ ಮುಚ್ಚಿಕೊಳ್ಳುವವರಿದ್ದಾರೆ. ಹಿಡಿದ ಕೆಲಸವನ್ನು ಒಂದೇ ಕ್ರಮದಲ್ಲಿ, ಬೇಸರವಿಲ್ಲದೆ ಮಾಡುವವರೂ ಇದ್ದಾರೆ. ಒಬ್ಬರ ಹಾಗೆ ಇನ್ನೊಬ್ಬರಿಲ್ಲ.

ಇದೆಂಥ ಕೆಲಸ?

ಬ್ಯಾಂಕಿನ ಬಾಗಿಲಿಗೆ ಬರೇ ಮೆಟ್ಟಿಲಿದ್ದರೆ ಗಾಲಿಕುರ್ಚಿಯವರು ಒಳಗೆ ಹೋಗುವುದು ಹೇಗೆ? ಅದಕ್ಕೇ ಇಳಿಜಾರು ದಾರಿ ಬೇಕು. ಮೊಬೈಲಿನ ಬ್ಯಾಂಕಿಗೂ ಹಾಗೆಯೇ ದಾರಿ ಬೇಕು. ಇದಕ್ಕೆ ಡಿಜಿಟಲ್ ಸುಗಮ್ಯತೆ ಎನ್ನುತ್ತಾರೆ.

ಕಣ್ಣು ಕಾಣದವರು ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಬಳಸುತ್ತಾರೆ. ಗುಂಡಿಯ ಮೇಲೆ ಬರೇ ಚಿತ್ರವಿದ್ದು ಹೆಸರು ಕೊಡದಿದ್ದರೆ ಆ ತಂತ್ರಾಂಶ "ಬಟನ್" ಎಂದಷ್ಟೇ ಹೇಳುತ್ತದೆ. ಹಣ ಕಳಿಸುವ ಗುಂಡಿಯೋ ರದ್ದು ಮಾಡುವ ಗುಂಡಿಯೋ ಗೊತ್ತಾಗುವುದಿಲ್ಲ. ಇಂಥ ತೊಡಕುಗಳನ್ನು ಹುಡುಕಿ ಬರೆದು ಕೊಡುವವರೇ ಸುಗಮ್ಯತೆ ಪರೀಕ್ಷಕರು. ಅವರು ನೋಡುವುದು ಇಂಥದ್ದನ್ನು:

• ಮೌಸ್ ಇಲ್ಲದೆ, ಕೀಬೋರ್ಡಿನಿಂದಲೇ ಎಲ್ಲ ಕಡೆ ಹೋಗಲಿಕ್ಕೆ ಆಗುತ್ತದಾ?
• ಪ್ರತಿ ಚಿತ್ರಕ್ಕೂ ವಿವರಣೆ, ಅರ್ಜಿಯ ಪ್ರತಿ ಖಾನೆಗೂ ಹೆಸರು ಉಂಟಾ?
• ಅಕ್ಷರದ ಬಣ್ಣಕ್ಕೂ ಹಿಂದಿನ ಬಣ್ಣಕ್ಕೂ ಸಾಕಷ್ಟು ವ್ಯತ್ಯಾಸ ಉಂಟಾ? ಸಾಮಾನ್ಯ ಅಕ್ಷರಗಳಿಗೆ ಕನಿಷ್ಠ 4.5ಕ್ಕೆ 1 ಇರಬೇಕೆಂದು ನಿಯಮ.
• ಕಿವಿ ಕೇಳದವರಿಗಾಗಿ ವಿಡಿಯೋದಲ್ಲಿ ಮಾತು ಅಕ್ಷರದಲ್ಲಿ ಬರುತ್ತದಾ?
• ಒಂದು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗುವುದು ಏನಾದರೂ ಉಂಟಾ?

ಇದಕ್ಕೆಲ್ಲ ಡಬ್ಲ್ಯು.ಸಿ.ಎ.ಜಿ. ಎಂಬ ಅಂತಾರಾಷ್ಟ್ರೀಯ ನಿಯಮಾವಳಿ ಇದೆ. ಅದರ 2.2ನೇ ಆವೃತ್ತಿ 2023ರಲ್ಲಿ ಬಂದಿದೆ.

ಬೇಡಿಕೆ ಯಾಕೆ ಹೆಚ್ಚಿದೆ?

ಆಸಿಡ್ ದಾಳಿಯಲ್ಲಿ ಕಣ್ಣು, ಮುಖ ಸುಟ್ಟುಹೋದ ಮಹಿಳೆಯರಿಗೆ ಬ್ಯಾಂಕಿನ ಗುರುತು ದೃಢೀಕರಣದ ವೇಳೆ "ಕಣ್ಣು ಮಿಟುಕಿಸಿ" ಎಂದರೆ ಅವರೇನು ಮಾಡಬೇಕು? ಇಂಥ ಮಹಿಳೆಯರೂ ಕಣ್ಣು ಕಾಣದ ಒಬ್ಬರೂ ಸುಪ್ರೀಂ ಕೋರ್ಟಿಗೆ ಹೋದರು. ಡಿಜಿಟಲ್ ಸೇವೆ ಪಡೆಯುವುದು ಜೀವಿಸುವ ಹಕ್ಕಿನದೇ ಭಾಗ ಎಂದು 2025ರ ಏಪ್ರಿಲ್ 30ರಂದು ಕೋರ್ಟು ತೀರ್ಪು ಕೊಟ್ಟಿತು. ಹಣಕಾಸು ಸಂಸ್ಥೆಗಳು ಅರ್ಹ ಪರೀಕ್ಷಕರಿಂದ ಕಾಲಕಾಲಕ್ಕೆ ತಪಾಸಣೆ ಮಾಡಿಸಬೇಕೆಂದೂ ಹೇಳಿತು. ತಪಾಸಣೆ ಆಗಬೇಕಾದರೆ ಮಾಡುವವರು ಬೇಕು. ಕೆಲಸ ಇರುವುದು ಅಲ್ಲಿ.

ನಮ್ಮ ಮಕ್ಕಳಿಗೆ ಹೊಂದುತ್ತದಾ?

ನೂರು ಪುಟಗಳಲ್ಲಿ ಅದೇ ಪಟ್ಟಿ ಹಿಡಿದು, ಒಂದನ್ನೂ ಬಿಡದೆ ನೋಡುವುದು ಹೆಚ್ಚಿನವರಿಗೆ ಬೇಸರ. ಆಟಿಸಂ ಇರುವ ಕೆಲವರಿಗೆ ಅದೇ ಇಷ್ಟ. ಡೆನ್ಮಾರ್ಕಿನ ಥಾರ್ಕಿಲ್ ಸೋನೆ ಎಂಬವರು ತಮ್ಮ ಮಗನಿಗೆ ಆಟಿಸಂ ಎಂದು ತಿಳಿದ ಮೇಲೆ, 2004ರಲ್ಲಿ ಇಂಥವರಿಗೆ ಕೆಲಸ ಕೊಡುವ ಸಂಸ್ಥೆಯನ್ನೇ ಕಟ್ಟಿದರು. ನಮ್ಮ ಬೆಂಗಳೂರಿನ ಎಸ್.ಎ.ಪಿ. ಲ್ಯಾಬ್ಸ್ ಕಂಪೆನಿ ಆಟಿಸಂ ಇರುವ ಆರು ಮಂದಿಯನ್ನು ತಂತ್ರಾಂಶ ಪರೀಕ್ಷಕರಾಗಿ ತೆಗೆದುಕೊಂಡಿತು. ಅಲ್ಲಿಯ ಅನುಭವ ನೋಡಿ ಆ ಕಂಪೆನಿ 2013ರಲ್ಲಿ ಸೋನೆಯವರ ಸಂಸ್ಥೆಯ ಜೊತೆ ಸೇರಿ ಬೇರೆ ದೇಶಗಳಿಗೂ ಇದನ್ನು ವಿಸ್ತರಿಸುವುದಾಗಿ ಪ್ರಕಟಿಸಿತು. ಅದು ಸಾಮಾನ್ಯ ತಂತ್ರಾಂಶದ ಪರೀಕ್ಷೆ, ಸುಗಮ್ಯತೆಯದು ಅದರದೇ ಒಂದು ಶಾಖೆ. ಇದರಲ್ಲಿ ಇನ್ನೊಂದು ಅನುಕೂಲ ಉಂಟು. ಪರದೆಯ ಮೇಲೆ ತಾನಾಗಿ ಓಡುವ ವಿಡಿಯೋ, ಗಿಜಿಗಿಜಿ ಜಾಹೀರಾತು ಎಷ್ಟು ಕಷ್ಟ ಕೊಡುತ್ತದೆಂದು ಆಟಿಸಂ ಇರುವವರಿಗೆ ಸ್ವಂತ ಅನುಭವದಿಂದಲೇ ಗೊತ್ತು.

ಎಲ್ಲಿಂದ ಶುರು ಮಾಡುವುದು?

1. ಮೊದಲು ದಾಖಲೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ನಿಮ್ಮ ಪಂಚಾಯತಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿ. ಸರಕಾರಿ ಹುದ್ದೆಗಳಲ್ಲಿ ಶೇ. 40 ಅಥವಾ ಹೆಚ್ಚು ವೈಕಲ್ಯ ಇರುವವರಿಗೆ ಶೇ. 4 ಮೀಸಲಾತಿ ಇದ್ದು, ಅದರಲ್ಲಿ ಶೇ. 1 ಆಟಿಸಂ ಮತ್ತು ಇತರ ಕೆಲವು ವೈಕಲ್ಯದವರಿಗೆ ಸೇರಿಸಿ ಇಟ್ಟದ್ದು.

2. ಕಲಿಕೆ. ಪರದೆ ಓದುವ ಎನ್.ವಿ.ಡಿ.ಎ. ತಂತ್ರಾಂಶ ಪೂರ್ತಿ ಉಚಿತ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಇದನ್ನು ಶುರು ಮಾಡಿದವರೂ ಕಣ್ಣು ಕಾಣದವರೇ. ಅಂತರ್ಜಾಲ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಉಚಿತ ಪಾಠವೂ ಸಿಗುತ್ತದೆ. ಅದು ಇಂಗ್ಲಿಷಿನಲ್ಲಿದೆ. ಹತ್ತಿರದ ಕಾಲೇಜು ಹುಡುಗ ಹುಡುಗಿಯರ ಸಹಾಯ ಕೇಳಿ.

3. ಅಭ್ಯಾಸ. ದಿನಕ್ಕೊಂದು ಪುಟ ಪರೀಕ್ಷಿಸಿ ನಾಲ್ಕು ಸಾಲು ಬರೆಯಲಿ: ಯಾವ ಪುಟ, ಏನು ಮಾಡಿದೆ, ಏನಾಯಿತು, ಏನಾಗಬೇಕಿತ್ತು. ಇಂಥ ಇಪ್ಪತ್ತು ವರದಿಗಳ ಕಡತ ಕೈಯಲ್ಲಿದ್ದರೆ ಮಾತು ಕಡಿಮೆಯಾದರೂ ಕೆಲಸವೇ ಮಾತಾಡುತ್ತದೆ.

4. ಉದ್ಯೋಗ ಹುಡುಕುವಾಗ ಅಂಜದೆ ಕೇಳಿ. "ಮಾತಿನ ಸಂದರ್ಶನದ ಬದಲು ಕೆಲಸ ಕೊಟ್ಟು ನೋಡಿ. ಸೂಚನೆ ಬರೆದು ಕೊಡಿ. ಗಲಾಟೆ ಇಲ್ಲದ ಜಾಗ ಕೊಡಿ." ಇದು ದಯೆ ಬೇಡುವುದಲ್ಲ. ಬೆಂಗಳೂರಿನ ಎನೇಬಲ್ ಇಂಡಿಯಾದಂಥ ಸಂಸ್ಥೆಗಳು ವಿಕಲಚೇತನರ ಉದ್ಯೋಗಕ್ಕಾಗಿಯೇ ಕೆಲಸ ಮಾಡುತ್ತವೆ.

ಎಚ್ಚರಿಕೆಯ ಎರಡು ಮಾತು

ಕೆಲಸ ಕೊಡಿಸುತ್ತೇವೆಂದು ಮುಂಗಡ ಹಣ ಕೇಳುವವರನ್ನು ನಂಬಬೇಡಿ. ಎರಡನೆಯದು, ಆಟಿಸಂ ಇರುವ ಎಲ್ಲರೂ ಕಂಪ್ಯೂಟರ್ ಜಾಣರಲ್ಲ. ಪಕ್ಕದ ಮನೆಯ ಹುಡುಗ ಮಾಡಿದ, ನೀನ್ಯಾಕೆ ಮಾಡುವುದಿಲ್ಲ ಎಂದು ಒತ್ತಾಯಿಸಬೇಡಿ. ಜೀವನಪೂರ್ತಿ ಆಸರೆ ಬೇಕಾದ ಮಕ್ಕಳೂ ಇದ್ದಾರೆ, ಅವರ ಬೆಲೆ ಸಂಬಳದಿಂದ ಅಳೆಯುವಂಥದ್ದಲ್ಲ. ಪಾಂಬೂರಿನ ಮಾನಸ, ಉಡುಪಿಯ ಆಶಾ ನಿಲಯದಂಥ ವಿಶೇಷ ಶಾಲೆಗಳ ಶಿಕ್ಷಕರ ಜೊತೆ ಮಾತಾಡಿ ಮಗುವಿಗೆ ಯಾವುದು ಹೊಂದುತ್ತದೆಂದು ತಿಳಿಯಿರಿ.

ಸಂಘ ಏನು ಮಾಡಬಹುದು?

ಹಸು ಕೊಳ್ಳಲಿಕ್ಕೆ, ಹೊಲಿಗೆ ಯಂತ್ರಕ್ಕೆ ನಾವು ಆಂತರಿಕ ಸಾಲ ಕೊಟ್ಟಿದ್ದೇವೆ. ಇಂಥ ಮಗುವಿನ ಕಂಪ್ಯೂಟರಿಗೂ ಕೊಡಬಹುದಲ್ಲ? ಅದೂ ದುಡಿಮೆಯ ಸಾಧನವೇ. ತಾಯಿ ಕಾರ್ಡಿನ ಕೆಲಸಕ್ಕೆ ಉಡುಪಿಗೆ ಹೋಗುವ ದಿನ ಮಗುವಿನ ಜೊತೆ ಒಬ್ಬರು ಕೂರಬಹುದು. ಎಲ್ಲಕ್ಕಿಂತ ಮೊದಲು "ಪಾಪ" ಎನ್ನುವುದನ್ನು ಬಿಡಬಹುದು.

ಮುಂದಿನ ಸಭೆಯಲ್ಲಿ ಇದನ್ನು ಓದಿ ಚರ್ಚಿಸಿ. ನಮ್ಮ ಸಂಘದ ಯಾವ ಮನೆಯಲ್ಲಿ ಇಂಥ ಮಗು ಉಂಟು? ಆ ತಾಯಿಯನ್ನು ನಾವು ಕಡೆಯ ಸಲ ವಿಚಾರಿಸಿದ್ದು ಯಾವಾಗ?